ಸಿಇಟಿ ಸೀಟು, ಮೀಸಲಾತಿ, ಕಾಗದಪತ್ರ: ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯು ಪರೀಕ್ಷೆ ಮುಗಿಯುವ ಹೊತ್ತಿಗೆ ನಾಡಕಚೇರಿಯ ಕಟ್ಟೆ ಮೇಲೆ, ಸೈಬರ್ ಅಂಗಡಿಯಲ್ಲಿ, ಕಾಲೇಜಿನ ಆಫೀಸಿನಲ್ಲಿ ಪಾಲಕರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದ ಮಾತಿನಲ್ಲೇ ಬರೆದುಕೊಂಡು ಉತ್ತರ ಕೂಡಿಸಿದ್ದೇವೆ. ರ‍್ಯಾಂಕ್ ಚೆನ್ನಾಗಿದ್ದೂ ಒಂದು ಸಹಿ, ಒಂದು ತಾರೀಖು ತಪ್ಪಿ ಸೀಟು ಕೈಬಿಟ್ಟ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ. ಅದಕ್ಕೇ ಇಲ್ಲಿ ವಾದಕ್ಕಿಂತ ಕಾಗದದ ಮಾತು ಹೆಚ್ಚು.

## ಮೊದಲು ತಿಳಿಯಬೇಕಾದದ್ದು

ಮೀಸಲಾತಿ ಅಂದ್ರ ಓದದವರಿಗೂ ಸೀಟು ಕೊಡೂದೇನ್ರೀ?

ಇಲ್ಲ. ಎಲ್ಲರೂ ಬರೆಯುವುದು ಒಂದೇ ಸಿಇಟಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ವಿಜ್ಞಾನ ವಿಷಯಗಳ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಈ ಲೆಕ್ಕವೂ ಎಲ್ಲರಿಗೆ ಒಂದೇ. ಅರ್ಹತೆಯಲ್ಲಿರುವ ವ್ಯತ್ಯಾಸ ಸಣ್ಣದು: ಪಿಯುನಲ್ಲಿ ಸಾಮಾನ್ಯ ವರ್ಗಕ್ಕೆ 45 ಪರ್ಸೆಂಟ್ ಬೇಕು, ಮೀಸಲು ವರ್ಗಗಳಿಗೆ 40. ಆಮೇಲೆ ಪ್ರತಿ ವರ್ಗದೊಳಗೆ ರ‍್ಯಾಂಕಿನ ಸಾಲು ನಿಲ್ಲುತ್ತದೆ. ಮುಂದೆ ಇದ್ದವರಿಗೆ ಮೊದಲು. ಒಳಗೆ ಸೇರಿದ ಮೇಲೆ ವಿಟಿಯು ಪರೀಕ್ಷೆಯಲ್ಲಿ ಯಾವ ಜಾತಿಗೂ ಬೇರೆ ಪಾಸ್ ಮಾರ್ಕ್ಸ್ ಇಲ್ಲ.

ಈ ವಿಚಾರ ನಮ್ಮ ಭಾಗಕ್ಕೆ ಹೊಸದೇನೂ ಅಲ್ಲ. ನಿಪ್ಪಾಣಿಯ ಗಡಿ ದಾಟಿದರೆ ಸಿಗುವ ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹು ಮಹಾರಾಜರು 1902ರಲ್ಲೇ ಸರಕಾರಿ ನೌಕರಿಯ ಅರ್ಧ ಪಾಲನ್ನು ಹಿಂದುಳಿದವರಿಗೆ ತೆಗೆದಿಟ್ಟಿದ್ದರು.

ನಮ್ಮ ರಾಜ್ಯದಾಗ ಯಾರಿಗೆ ಎಷ್ಟು ಐತಿ, ಒಮ್ಮೆ ಸರಿಯಾಗಿ ಹೇಳ್ರಿ.

ಪರಿಶಿಷ್ಟ ಜಾತಿಗೆ (ಎಸ್‌ಸಿ) 17 ಪರ್ಸೆಂಟ್, ಪರಿಶಿಷ್ಟ ಪಂಗಡಕ್ಕೆ (ಎಸ್‌ಟಿ) 7. ಇವು 2022ರವರೆಗೆ 15 ಮತ್ತು 3 ಇದ್ದವು. ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ 1ಕ್ಕೆ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5. ಒಟ್ಟು 56. ಉಳಿದ 44 ಸಾಮಾನ್ಯ ವರ್ಗ, ಅಂದರೆ ಜಿಎಂ. ಜಿಎಂ ಯಾವ ಜಾತಿಯ ಪಾಲೂ ಅಲ್ಲ, ರ‍್ಯಾಂಕ್ ಇದ್ದ ಯಾರಾದರೂ ಅಲ್ಲಿ ಕೂಡಬಹುದು.

2023ರ ಮಾರ್ಚ್‌ನಲ್ಲಿ 2ಬಿ ತೆಗೆದು, 3ಎ ಮತ್ತು 3ಬಿಯನ್ನು 2ಸಿ, 2ಡಿ ಎಂದು ಮಾಡಿದ ಆದೇಶ ಸುಪ್ರೀಂ ಕೋರ್ಟಿನ ಮುಂದೆ ಹೋಗಿ ಜಾರಿಯಾಗದೆ ನಿಂತಿತು. ಆದ್ದರಿಂದ ಅರ್ಜಿಯಲ್ಲಿ ನಿಮಗೆ ಕಾಣುವುದು ಹಳೆಯ ಹೆಸರುಗಳೇ.

ನಾವು ಲಿಂಗಾಯತರು. 3ಬಿ ಬರಸಬೇಕೋ, 2ಎ ಬರಸಬೇಕೋ?

ಅದು ಒಳಪಂಗಡದ ಮೇಲೆ ಹೋಗುತ್ತದೆ. ವೀರಶೈವ ಲಿಂಗಾಯತ ಎಂದಷ್ಟೇ ದಾಖಲೆ ಇದ್ದರೆ 3ಬಿ. ಪಂಚಮಸಾಲಿಗಳೂ ಸದ್ಯ 3ಬಿಯಲ್ಲೇ ಇದ್ದಾರೆ. 2ಎ ಬೇಕೆಂದು 2021ರಲ್ಲಿ ಕೂಡಲಸಂಗಮದಿಂದ ಬೆಂಗಳೂರಿಗೆ ಪಾದಯಾತ್ರೆ ಆಯಿತು, 2024ರ ಡಿಸೆಂಬರ್‌ನಲ್ಲಿ ಬೆಳಗಾವಿ ಸುವರ್ಣಸೌಧದ ಹತ್ತಿರ ಲಾಠಿ ಏಟೂ ಬಿತ್ತು. ಪಟ್ಟಿ ಮಾತ್ರ ಬದಲಾಗಿಲ್ಲ. ಗಾಣಿಗ, ಹಡಪದ, ಕುಂಬಾರ, ಮಡಿವಾಳ ಇಂಥ ಕಸುಬಿನ ಸಮುದಾಯಗಳು 2ಎಯಲ್ಲಿವೆ.

ತೊಡಕು ಹುಟ್ಟುವುದು ಶಾಲೆಯ ದಾಖಲೆಯಲ್ಲಿ. ಒಂದನೇ ಇಯತ್ತೆಗೆ ಹಚ್ಚುವಾಗ ಮಾಸ್ತರರು ಕೇಳಿದ್ದಕ್ಕೆ ಅಜ್ಜ "ಲಿಂಗಾಯತ" ಎಂದಷ್ಟೇ ಬರೆಸಿರುತ್ತಾನೆ. ಹನ್ನೆರಡು ವರ್ಷದ ಮೇಲೆ ಮೊಮ್ಮಗ 2ಎ ಕೇಳಿದಾಗ ತಲಾಟಿ ಆ ಶಬ್ದಕ್ಕೇ ಬೆರಳು ಇಡುತ್ತಾನೆ. ಅಪ್ಪನ, ಕಾಕಾನ, ಅಜ್ಜನ ಶಾಲಾ ದಾಖಲೆಯ ನಕಲು ತೆಗೆಸಿ ಅರ್ಜಿಯ ಜತೆ ಕೊಡಿ. ಒಬ್ಬರದರಲ್ಲಿ ಒಳಪಂಗಡ ಇದ್ದರೂ ದಾರಿ ತೆರೆಯುತ್ತದೆ.

ನಮ್ಮ ತಾಳಿಕೋಟಿಯಿಂದ ಸುರಪುರ ಹತ್ತಿರ. ಅವರಿಗೆ 371ಜೆ ಐತಿ, ನಮಗ ಯಾಕಿಲ್ಲ?

ಸಂವಿಧಾನದ 371ಜೆ ವಿಧಿ, ಅಂದರೆ 98ನೇ ತಿದ್ದುಪಡಿ, ಹಿಂದೆ ಹೈದರಾಬಾದ್ ಕರ್ನಾಟಕ ಎನ್ನುತ್ತಿದ್ದ ಭಾಗಕ್ಕೆ ಬಂದದ್ದು: ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಈಗ ವಿಜಯನಗರವೂ ಸೇರಿ. ನಮ್ಮ ಮೂರೂ ಜಿಲ್ಲೆ ಮುಂಬೈ ಪ್ರಾಂತದಿಂದ ಬಂದವು. ಮಳೆ ಇಬ್ಬರಿಗೂ ಅಷ್ಟೇ ಬೀಳುತ್ತದೆ, ಬರವೂ ಅಷ್ಟೇ. ಗೆರೆ ಎಳೆದದ್ದು ಇತಿಹಾಸ ನೋಡಿ. ಸಿಂದಗಿ, ಮುದ್ದೇಬಿಹಾಳ, ಹುನಗುಂದದವರ ಬೇಸರಕ್ಕೆ ಕಾರಣ ಇದೆ ಎಂದೇ ನಮ್ಮ ಅಭಿಪ್ರಾಯ.

ಆ ಭಾಗದ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟು ಅಲ್ಲಿಯವರಿಗೆ, ಉಳಿದ ಕರ್ನಾಟಕದ ಕಾಲೇಜುಗಳಲ್ಲಿ 8 ಪರ್ಸೆಂಟ್. ಅಂದರೆ ಬಾಗಲಕೋಟೆಯ ಕಾಲೇಜಿನಲ್ಲೂ ಈ 8 ಪರ್ಸೆಂಟ್ ಕಡಿತ ಆಗುತ್ತದೆ. ಆ ಜಿಲ್ಲೆಗಳಲ್ಲಿ ಹುಟ್ಟಿದ್ದಕ್ಕೆ ಅಥವಾ ನಿಯಮ ಕೇಳುವ ಹತ್ತು ವರ್ಷದ ವಾಸಕ್ಕೆ ದಾಖಲೆ ಇದ್ದವರು ಅಲ್ಲಿಯ ಉಪವಿಭಾಗಾಧಿಕಾರಿಯಿಂದ ಅರ್ಹತಾ ಪತ್ರ ಪಡೆಯಬಹುದು. ಅತ್ತಿ ಮನೆ ಕುಷ್ಟಗಿಯಲ್ಲಿದೆ ಎಂಬುದಷ್ಟೇ ಸಾಲದು.

## ಕಾಗದಪತ್ರ

ಜಾತಿ ಪ್ರಮಾಣಪತ್ರ ಯಾವ ಫಾರ್ಮಿನ್ಯಾಗ ಬೇಕು? ಹಳೇದು ನಡೀತದೇನು?

ಎಸ್‌ಸಿ, ಎಸ್‌ಟಿಗೆ ಫಾರ್ಮ್ ಡಿ. ಪ್ರವರ್ಗ 1ಕ್ಕೆ ಫಾರ್ಮ್ ಇ. 2ಎ, 2ಬಿ, 3ಎ, 3ಬಿಗೆ ಫಾರ್ಮ್ ಎಫ್, ಇದು ಜಾತಿ ಮತ್ತು ಆದಾಯ ಎರಡೂ ಕೂಡಿದ್ದು. ಕೊಡುವವರು ತಹಶೀಲ್ದಾರರು, ಅರ್ಜಿ ಹಾಕುವುದು ನಾಡಕಚೇರಿಯಲ್ಲಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ. ಎಸ್‌ಸಿ, ಎಸ್‌ಟಿ ಪತ್ರಕ್ಕೆ ಅವಧಿ ಇಲ್ಲ. ಫಾರ್ಮ್ ಎಫ್‌ಗೆ 5 ವರ್ಷ. ಎಂಟನೇ ಇಯತ್ತೆಯಲ್ಲಿ ಸ್ಕಾಲರ್‌ಶಿಪ್‌ಗೆಂದು ತೆಗೆಸಿದ ಪತ್ರದ ಅವಧಿ ಸರಿಯಾಗಿ ಸಿಇಟಿ ಹೊತ್ತಿಗೇ ಮುಗಿಯುತ್ತದೆ, ತಾರೀಖು ನೋಡಿಕೊಳ್ಳಿ.

ಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ನಂಬರ್ ಇರುತ್ತದೆ. ಸಿಇಟಿ ಅರ್ಜಿಯಲ್ಲಿ ಆ ನಂಬರ್ ಹೊಡೆದ ಕೂಡಲೇ ಕಂದಾಯ ಇಲಾಖೆಯಲ್ಲಿದ್ದ ಹೆಸರು ಪರದೆಗೆ ಬರುತ್ತದೆ. ಇಲ್ಲೇ ಸಿಕ್ಕಿಬೀಳುವುದು. ನಮ್ಮ ಕಡೆ ಹೆಸರು ಮೂರು ತುಂಡು: ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಹೆಸರು ಒಂದೇ ಅಕ್ಷರವಾಗಿ, ಆಧಾರಿನಲ್ಲಿ ಅಡ್ಡಹೆಸರು ಮುಂದಾಗಿ, ಜಾತಿ ಪತ್ರದಲ್ಲಿ ಮತ್ತೊಂದು ಸ್ಪೆಲಿಂಗ್ ಆಗಿ ಬಂದಿರುತ್ತದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನು ಮೂಲ ಎಂದು ಹಿಡಿದು, ಜಾತಿ ಪತ್ರವನ್ನು ಅದೇ ಹೆಸರಿಗೆ ಹೊಸದಾಗಿ ತೆಗೆಸಿ. ಉಲ್ಟಾ ಮಾಡಲು ಹೋದರೆ ಪರೀಕ್ಷಾ ಮಂಡಳಿಗೆ ಅಲೆದಾಡಬೇಕು, ಅದು ತಿಂಗಳುಗಟ್ಟಲೆಯ ಕೆಲಸ. ಬೆಳಗಾಂ, ಬಿಜಾಪುರ ಎಂದು ಹಳೆಯ ದಾಖಲೆಯಲ್ಲಿದ್ದರೆ ಚಿಂತೆ ಬೇಡ. ಊರ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು ಎಂಬುದು ಎಲ್ಲ ಕಚೇರಿಗೂ ಗೊತ್ತು.

ಮೂರು ವಾರವಾದರೂ ಕೈಯಲ್ಲಿಟ್ಟುಕೊಂಡು ಅರ್ಜಿ ಹಾಕಿ. ತಲಾಟಿಯ ಪಂಚನಾಮೆ, ಸರ್ಕಲ್ ವರದಿ, ತಹಶೀಲ್ದಾರರ ಸಹಿ, ಈ ಮೂರು ಮೆಟ್ಟಿಲಲ್ಲಿ ಒಬ್ಬರು ರಜೆ ಹೋದರೂ ಕಡತ ನಿಲ್ಲುತ್ತದೆ.

ತಹಶೀಲ್ದಾರರು ಆಗೂದಿಲ್ಲ ಅಂದ್ರ?

ತಿರಸ್ಕರಿಸಿದ ಹಿಂಬರಹವನ್ನು ಬರವಣಿಗೆಯಲ್ಲೇ ಕೇಳಿ ಪಡೆಯಿರಿ. 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಬೆಳಗಾವಿ ಜಿಲ್ಲೆಗೆ ಬೆಳಗಾವಿ, ಚಿಕ್ಕೋಡಿ, ಬೈಲಹೊಂಗಲದಲ್ಲಿ, ಬಾಗಲಕೋಟೆಗೆ ಬಾಗಲಕೋಟೆ, ಜಮಖಂಡಿಯಲ್ಲಿ, ವಿಜಯಪುರಕ್ಕೆ ವಿಜಯಪುರ, ಇಂಡಿಯಲ್ಲಿ ಆ ಕಚೇರಿಗಳಿವೆ. ಬಾಯಿಮಾತಿನ "ಆಗೂದಿಲ್ಲ" ಮೇಲೆ ಮೇಲ್ಮನವಿ ನಡೆಯುವುದಿಲ್ಲ.

ಹಳ್ಳಿಯವರಿಗೆ ಗ್ರಾಮೀಣ ಕೋಟಾ ಐತಂತ. ನಮ್ಮ ಹೊಲಾ ಮನಿ ಎಲ್ಲಾ ಹಳ್ಳ್ಯಾಗ ಅದಾವು, ಸಿಗತೈತಲ್ಲ?

ಮನೆ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ, ಶಾಲೆ ಎಲ್ಲಿತ್ತು ಎಂದು ಕೇಳುತ್ತಾರೆ. ಒಂದರಿಂದ ಹತ್ತನೇ ಇಯತ್ತೆವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಒಂಬತ್ತು ವರ್ಷ ಹಳ್ಳಿಯಲ್ಲಿ, ಒಂದು ವರ್ಷ ಗೋಕಾಕದ ಹೈಸ್ಕೂಲಿನಲ್ಲಿ ಎಂದರೆ ಇಲ್ಲ. ಊರಿನಿಂದ ದಿನಾ ಬಸ್ಸಿಗೆ ಪಟ್ಟಣಕ್ಕೆ ಹೋಗಿ ಕಲಿತವರಿಗೂ ಇಲ್ಲ. ಅತ್ತ ಪಟ್ಟಣದ ಹುಡುಗ ಹಳ್ಳಿಯ ವಸತಿ ಶಾಲೆಯಲ್ಲಿ ಹತ್ತೂ ವರ್ಷ ಕಲಿತಿದ್ದರೆ ಉಂಟು.

ಈ ಕೋಟಾ 15 ಪರ್ಸೆಂಟ್, ಪ್ರತಿ ವರ್ಗದ ಒಳಗೇ ಅಡ್ಡಕ್ಕೆ ಹಾಯುತ್ತದೆ. ಓದಿದ ಪ್ರತಿ ಶಾಲೆಯ ಮುಖ್ಯೋಪಾಧ್ಯಾಯರ ಪತ್ರ ಬೇಕು, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಎರಡು ತಾಲೂಕಿನಲ್ಲಿ ಓದಿದ್ದರೆ ಎರಡು ಬಿಇಒ. ಜಿಎಂ ಅಭ್ಯರ್ಥಿ ಗ್ರಾಮೀಣ ಕೋಟಾ ಕೇಳಿದರೆ ಕೆನೆಪದರಕ್ಕೆ (ಆದಾಯ ಹೆಚ್ಚಿದ್ದವರ ಗುಂಪಿಗೆ) ಸೇರಿಲ್ಲ ಎಂಬ ತಹಶೀಲ್ದಾರರ ಪತ್ರವೂ ಬೇಕು. ಇದನ್ನು ಮರೆಯುವವರು ಬಹಳ.

ಇನ್ನೊಂದು ಬಲೆ: ಪಟ್ಟಣ ಪಂಚಾಯಿತಿ. ದೇವರಹಿಪ್ಪರಗಿ, ಕೊಲ್ಹಾರ, ನಿಡಗುಂದಿ, ಮನಗೂಳಿ ಇಂಥ ಊರುಗಳು ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಗೆ ಏರಿದವು. ಊರು ನೋಡಿದರೆ ಇನ್ನೂ ಹಳ್ಳಿಯೇ, ಕಾಗದದಲ್ಲಿ ಮಾತ್ರ ಪಟ್ಟಣ. ನಿಯಮದ ಕಣ್ಣಿಗೆ ಪಟ್ಟಣ ಪಂಚಾಯಿತಿ ಗ್ರಾಮೀಣ ಅಲ್ಲ. ಮಗು ಹತ್ತನೇ ಇಯತ್ತೆ ಮುಗಿಸಿದ ವರ್ಷವೇ ಬಿಇಒ ಕಚೇರಿಯಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ, ಪಿಯು ಮುಗಿಯುವ ತನಕ ಕಾಯಬೇಡಿ.

ಕನ್ನಡ ಮಾಧ್ಯಮ ಕೋಟಾ ಮರಾಠಿ ಸಾಳಿಯವರಿಗೂ ಬರ್ತದೇನು?

ಬರುವುದಿಲ್ಲ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮಾತ್ರ ಈ 5 ಪರ್ಸೆಂಟ್. ಕನ್ನಡ ಒಂದು ವಿಷಯವಾಗಿ ಇತ್ತು ಎಂಬುದು ಲೆಕ್ಕಕ್ಕೆ ಬಾರದು. ಎಂಟನೇ ಇಯತ್ತೆಗೆ ಇಂಗ್ಲಿಷ್ ಮಾಧ್ಯಮಕ್ಕೆ ಹಾರಿದವರೂ ಹೊರಗೆ. ಮರಾಠಿ, ಉರ್ದು ಮಾಧ್ಯಮದ ಮಕ್ಕಳು ಹಳ್ಳಿಯ ಶಾಲೆಯವರಾಗಿದ್ದರೆ ಗ್ರಾಮೀಣ ಕೋಟಾ ಕೇಳಲು ಅಡ್ಡಿ ಇಲ್ಲ. ಕನ್ನಡ ಮಾಧ್ಯಮಕ್ಕೂ ಮುಖ್ಯೋಪಾಧ್ಯಾಯರ ಪತ್ರ, ಬಿಇಒ ಮೇಲುಸಹಿ. ಎರಡೂ ಅರ್ಹತೆ ಇದ್ದರೆ ಎರಡನ್ನೂ ಕೇಳಿ.

ಮಗಳು ಹತ್ತನೇತ್ತ ಇಲ್ಲೇ ಅಥಣ್ಯಾಗ, ಹನ್ನೊಂದು ಹನ್ನೆರಡು ರಾಜಸ್ಥಾನದ ಕೋಟಾ ಊರಾಗ. ಕರ್ನಾಟಕದ ಸೀಟು ಹೋಯ್ತೇನು?

ಸಿಇಟಿಗೆ ಹೋಗಿಲ್ಲ. ಒಂದರಿಂದ ಹನ್ನೆರಡರ ನಡುವೆ 7 ವರ್ಷ ಕರ್ನಾಟಕದಲ್ಲಿ ಓದಿ, ಹತ್ತು ಅಥವಾ ಹನ್ನೆರಡು ಎರಡರಲ್ಲಿ ಒಂದನ್ನು ಇಲ್ಲಿ ಪಾಸಾಗಿದ್ದರೆ ಸಾಕು.

ಜೆಇಇ ಮೂಲಕ ಸುರತ್ಕಲ್ ಎನ್‌ಐಟಿಗೆ ಹೋಗುವ ಆಸೆ ಇದ್ದರೆ ಲೆಕ್ಕ ಬೇರೆ. ಎನ್‌ಐಟಿಗಳಲ್ಲಿ ಅರ್ಧ ಸೀಟು ತವರು ರಾಜ್ಯದವರಿಗೆ, ಮತ್ತು ತವರು ಯಾವುದೆಂದು ತೀರ್ಮಾನ ಮಾಡುವುದು ಹನ್ನೆರಡನೇ ಇಯತ್ತೆ ಪಾಸಾದ ರಾಜ್ಯ. ಕೋಟಾದಲ್ಲಿ ಹನ್ನೆರಡು ಬರೆದ ಅಥಣಿ ಹುಡುಗಿ ಆ ಪಟ್ಟಿಯಲ್ಲಿ ರಾಜಸ್ಥಾನದವಳು, ಕೊಲ್ಹಾಪುರದಲ್ಲಿ ಬರೆದವನು ಮಹಾರಾಷ್ಟ್ರದವನು. ಕೋಚಿಂಗಿಗೆ ದುಡ್ಡು ಕಟ್ಟುವ ಮೊದಲು ಇದನ್ನು ಯೋಚಿಸಿ.

ನಾವು ಜತ್ತದಾಗಿನ ಕನ್ನಡಿಗರು. ಇಲ್ಲಿ ಸೀಟು ಕೇಳಬಹುದೇನ್ರೀ?

ಕೇಳಬಹುದು. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳಲ್ಲಿ 7 ವರ್ಷ ಓದಿದ, ಮನೆಮಾತು ಕನ್ನಡ ಇರುವ ಮಕ್ಕಳಿಗೆ ಗಡಿನಾಡು ಕನ್ನಡಿಗರ ಕಲಮಿನಲ್ಲಿ ಅರ್ಹತೆ ಇದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಇವರಿಗೆ ಕನ್ನಡ ಭಾಷಾ ಪರೀಕ್ಷೆ ಇಡುತ್ತದೆ. ಮನೆಯಲ್ಲಿ ಮಾತಾಡಲು ಬಂದು ಬರೆಯಲು ಬಾರದ ಮಕ್ಕಳು ಅಲ್ಲೇ ಎಡವುವುದು. ಒಂದು ತಿಂಗಳು ಕೂತು ಕಾಗುಣಿತ ತಿದ್ದಿಸಿ.

ಜಾತಿ ಮಾತ್ರ ಗಡಿ ದಾಟಿ ಜತೆಗೆ ಬರುವುದಿಲ್ಲ. ಮಹಾರಾಷ್ಟ್ರದಲ್ಲಿ ಎಸ್‌ಸಿ ಎಂದಿದ್ದವರು ಕಾಗವಾಡಕ್ಕೆ ಬಂದು ನೆಲೆಸಿದ ಮಾತ್ರಕ್ಕೆ ಕರ್ನಾಟಕದ ಎಸ್‌ಸಿ ಸೀಟಿಗೆ ಅರ್ಹರಾಗುವುದಿಲ್ಲ ಎಂಬುದು 1990ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನಿಂತ ನಿಯಮ.

ನಾವು ಬೌದ್ಧ ಅಂತ ಬರಸೀವಿ. ಎಸ್‌ಸಿ ಹೋಗತೈತೇನು?

ಹೋಗುವುದಿಲ್ಲ. ಅಂಬೇಡ್ಕರ್ 1925ರಲ್ಲೇ ನಿಪ್ಪಾಣಿಗೆ ಬಂದು ಪರಿಷತ್ತು ನಡೆಸಿದ ಈ ಭಾಗದಲ್ಲಿ ಈ ಪ್ರಶ್ನೆ ಬಹಳ ಬರುತ್ತದೆ. 1990ರ ತಿದ್ದುಪಡಿಯ ಮೇಲೆ ಹಿಂದೂ, ಸಿಖ್, ಬೌದ್ಧ ಮೂರೂ ಧರ್ಮದವರಿಗೆ ಎಸ್‌ಸಿ ಸ್ಥಾನ ಉಳಿಯುತ್ತದೆ. ಪತ್ರದಲ್ಲಿ ಮೂಲ ಜಾತಿಯ ಹೆಸರು ಇರಲೇಬೇಕು, ಬರೀ "ಬೌದ್ಧ" ಎಂದಿದ್ದರೆ ನಡೆಯದು. ಕ್ರೈಸ್ತರಾದ ಎಸ್‌ಸಿ ಕುಟುಂಬಗಳು ರಾಜ್ಯದಲ್ಲಿ ಪ್ರವರ್ಗ 1ಕ್ಕೆ ಬರುತ್ತವೆ. ಎಸ್‌ಟಿಗೆ ಧರ್ಮದ ಕಟ್ಟು ಇಲ್ಲ.

## ಸೀಟು ಹಂಚುವಾಗ

ಕೆಟಗರಿ ಕ್ಲೇಮ್ ಮಾಡಿದ್ರ ಜಿಎಂ ಸೀಟು ಬಂದ್ ಆಗತೈತಂತ, ಖರೇ ಏನು?

ಸುಳ್ಳು. ತಂತ್ರಾಂಶ ನಿಮ್ಮ ಆಯ್ಕೆಯ ಕಾಲೇಜಿನಲ್ಲಿ ಮೊದಲು ಜಿಎಂ ಸೀಟು ಇದೆಯೇ ನೋಡುತ್ತದೆ, ರ‍್ಯಾಂಕ್ ಸಾಲದಿದ್ದರೆ ನಿಮ್ಮ ವರ್ಗದ ಸೀಟಿಗೆ ಇಳಿಯುತ್ತದೆ. ಕ್ಲೇಮ್ ಮಾಡದಿದ್ದರೆ ಮಾತ್ರ ನಷ್ಟ. ಅರ್ಜಿಯಲ್ಲಿ ಕೇಳದ ಮೀಸಲಾತಿ ಸೀಟು ಹಂಚಿಕೆಯ ಹೊತ್ತಿಗೆ ತಾನಾಗಿ ಬರುವುದಿಲ್ಲ.

3ಬಿ ಕಟ್ಆಫ್, ಜಿಎಂ ಕಟ್ಆಫ್ ಬಾಜೂಬಾಜೂ ಅದಾವು. ಹಂಗಾದ್ರ ಮೀಸಲಾತಿ ಏನು ಉಪಯೋಗ?

ಲೆಕ್ಕ ಹಾಕಿ ನೋಡೋಣ. ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಒಂದು ಬ್ರಾಂಚಿನಲ್ಲಿ 60 ಸೀಟು. ಸರಕಾರಿ ಕೋಟಾ 45 ಪರ್ಸೆಂಟ್, ಅಂದರೆ 27. ಉಳಿದದ್ದು ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆ) ಮತ್ತು ಮ್ಯಾನೇಜ್‌ಮೆಂಟ್. 27ರಲ್ಲಿ 371ಜೆಗೆ 2 ತೆಗೆದರೆ 25 ಉಳಿಯಿತು. ಅದರ 5 ಪರ್ಸೆಂಟ್ ಎಂದರೆ ಒಂದೂಕಾಲು. ಇಡೀ ಬ್ರಾಂಚಿನಲ್ಲಿ 3ಬಿಗೆ ಸಿಕ್ಕಿದ್ದು ಒಂದು ಸೀಟು!

ಈಗ ಆ ಸಾಲಿನಲ್ಲಿ ನಿಂತವರನ್ನು ನೋಡಿ: ನಮ್ಮ ಮೂರು ಜಿಲ್ಲೆಯ ಲಿಂಗಾಯತರು, ಮರಾಠರು, ದಿಗಂಬರ ಜೈನರು, ಕ್ರೈಸ್ತರು. ಸಾಲು ಉದ್ದ, ಸೀಟು ಒಂದು. ಹಾಗಾಗಿ ಕಟ್ಆಫ್ ಜಿಎಂ ಹತ್ತಿರ ಬಂದು ನಿಲ್ಲುವುದು ಸಹಜ. ಅದೇ ಬ್ರಾಂಚಿನಲ್ಲಿ 2ಎಗೆ ಮೂರೂಮುಕ್ಕಾಲು, ಎಸ್‌ಸಿಗೆ ನಾಲ್ಕೂಕಾಲು, ಎಸ್‌ಟಿಗೆ ಎರಡಕ್ಕೆ ತುಸು ಕಡಿಮೆ, ಜಿಎಂಗೆ 11.

3ಬಿಯ ಆ ಒಂದೂಕಾಲು ಸೀಟಿನಲ್ಲೇ ಗ್ರಾಮೀಣ 15 ಪರ್ಸೆಂಟ್ ತೆಗೆಯಬೇಕು. ಸೀಟನ್ನು ಕೊಯ್ಯಲು ಬರುವುದಿಲ್ಲ, ಆದ್ದರಿಂದ ರೋಸ್ಟರ್, ಅಂದರೆ ಸರದಿ ಪಟ್ಟಿಯ ಪ್ರಕಾರ ಸುತ್ತು ಹಾಕುತ್ತದೆ. ಸುಮಾರು ಐದು ಬ್ರಾಂಚಿಗೆ ಒಂದರಲ್ಲಿ 3ಬಿ ಗ್ರಾಮೀಣ ಸೀಟು, ಹದಿನಾರಕ್ಕೆ ಒಂದರಲ್ಲಿ 3ಬಿ ಕನ್ನಡ ಮಾಧ್ಯಮ ಸೀಟು ಏಳುತ್ತದೆ. ಹೋದ ವರ್ಷ ಇದ್ದ ಕಡೆ ಈ ವರ್ಷ ಇರಲಿಕ್ಕಿಲ್ಲ. ಅದಕ್ಕೇ ಗ್ರಾಮೀಣ, ಕನ್ನಡ ಮಾಧ್ಯಮದ ಮಕ್ಕಳು ಆಪ್ಷನ್ ಎಂಟ್ರಿಯಲ್ಲಿ (ಬೇಕಾದ ಕಾಲೇಜು, ಬ್ರಾಂಚ್ ಬರೆಯುವಲ್ಲಿ) ಹತ್ತು ಹೆಸರಿಗೆ ನಿಲ್ಲಿಸದೆ ಐವತ್ತು, ಎಂಬತ್ತು ಹಾಕಬೇಕು. ಆ ವರ್ಷದ ಸೀಟ್ ಮ್ಯಾಟ್ರಿಕ್ಸ್ (ಯಾವ ಕಾಲೇಜಿನಲ್ಲಿ ಯಾವ ವರ್ಗಕ್ಕೆ ಎಷ್ಟು ಸೀಟು ಎಂಬ ಪಟ್ಟಿ) ಪ್ರಕಟವಾದ ಕೂಡಲೇ ನಿಮ್ಮ ಕೋಡಿನ ಕಾಲಂ ಒಂದನ್ನೇ ಹಿಡಿದು ಮೇಲಿನಿಂದ ಕೆಳಗೆ ಬೆರಳು ಓಡಿಸಿ, ಸೊನ್ನೆ ಇಲ್ಲದ ಕಾಲೇಜೆಲ್ಲ ಗುರುತು ಮಾಡಿ.

ಆ ಕೋಡ್ ಓದೂದು ಹೆಂಗ? ಜಿಎಂಆರ್, 2ಎಕೆ, 3ಬಿಆರ್‌ಎಚ್ ಅಂತ ಏನೇನೋ ಅದ.

ಮೊದಲ ತುಂಡು ವರ್ಗ. ನಂತರದ ಅಕ್ಷರ ಜಿ ಇದ್ದರೆ ಸಾಮಾನ್ಯ, ಆರ್ ಗ್ರಾಮೀಣ, ಕೆ ಕನ್ನಡ ಮಾಧ್ಯಮ. ಕೊನೆಗೆ ಎಚ್ ಇದ್ದರೆ 371ಜೆ ಸೀಟು, ನಮ್ಮ ಜಿಲ್ಲೆಯವರು ಅದನ್ನು ನೋಡಿ ಆಸೆ ಪಡಬೇಕಾಗಿಲ್ಲ. ಜಿಎಂ ಎಂದಷ್ಟೇ ಇದ್ದರೆ ಯಾವ ಷರತ್ತೂ ಇಲ್ಲದ ಸೀಟು.

ಎಸ್‌ಎನ್‌ಕ್ಯೂ ಅಂದ್ರ ಬಡವರ ಸೀಟಾ?

ಹೌದು ಎನ್ನಬಹುದು. ಮಂಜೂರಾದ ಸೀಟಿನ ಮೇಲೆ ಹೆಚ್ಚುವರಿ 5 ಪರ್ಸೆಂಟ್, 60ಕ್ಕೆ 3. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗೆ ಇರಬೇಕು. ಬೋಧನಾ ಶುಲ್ಕ ಮಾಫಿ, ಉಳಿದ ಶುಲ್ಕ ಕಟ್ಟಬೇಕು. ಸೇರಿದ ಮೇಲೆ ಬ್ರಾಂಚ್, ಕಾಲೇಜು ಬದಲಿಸುವ ಹಾಗಿಲ್ಲ. ಮೀಸಲಾತಿ ಇಲ್ಲದ ಜಾತಿಯ ಬಡ ಮಕ್ಕಳೂ ಇದನ್ನು ಕೇಳಬಹುದು, ಅದಕ್ಕೆ ಆದಾಯ ಪತ್ರದ ಆರ್‌ಡಿ ನಂಬರ್ ಬೇಕು.

ನೀಟ್ ಬರದಾನ. ಬೆಳಗಾವಿ ಜೆಎನ್‌ಎಂಸಿ, ವಿಜಯಪುರ ಬಿಎಲ್‌ಡಿಇಯೊಳಗ 2ಎ ಸೀಟು ಎಷ್ಟು?

ಅವೆರಡೂ ಡೀಮ್ಡ್ ವಿಶ್ವವಿದ್ಯಾಲಯದ ಕಾಲೇಜು. ಸೀಟು ಹಂಚುವುದು ದಿಲ್ಲಿಯ ಎಂಸಿಸಿ (ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ), ಅಲ್ಲಿ ರಾಜ್ಯದ ಜಾತಿ ಕೋಟಾ ಅನ್ವಯಿಸುವುದಿಲ್ಲ. 2ಎ, ಗ್ರಾಮೀಣ, ಕನ್ನಡ ಮಾಧ್ಯಮ ನಡೆಯುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗಿರುವ ಕಾಲೇಜುಗಳ ಸರಕಾರಿ ಕೋಟಾದಲ್ಲಿ: ಬೆಳಗಾವಿಯ ಬಿಮ್ಸ್, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಇಂಥವು. ಹತ್ತಿರದ ಕಾಲೇಜು ಎಂದು ಆಸೆ ಇಟ್ಟುಕೊಳ್ಳುವ ಮುಂಚೆ ಅದು ಯಾರ ಕೈಕೆಳಗಿದೆ ನೋಡಿ.

ಬಾಗಲಕೋಟಿ ತೋಟಗಾರಿಕೆ ವಿವಿಯೊಳಗ ರೈತರ ಮಕ್ಕಳಿಗೆ ಅರ್ಧ ಸೀಟು ಅಂತಾರ?

ಕೃಷಿ, ತೋಟಗಾರಿಕೆ ಕೋರ್ಸಿನಲ್ಲಿ ಕೃಷಿಕರ ಕೋಟಾ ಹಿಂದೆ 40 ಇದ್ದದ್ದು 50 ಪರ್ಸೆಂಟ್ ಆಗಿದೆ. ತಹಶೀಲ್ದಾರರ ಕೃಷಿಕ ಕುಟುಂಬದ ಪತ್ರ, ಜತೆಗೆ ಪ್ರಾಯೋಗಿಕ ಪರೀಕ್ಷೆ. ಬೀಜ, ಕಳೆ, ಗೊಬ್ಬರ, ಸಲಕರಣೆ ಗುರುತಿಸುವ ಪರೀಕ್ಷೆ ಇದು. ಹೊಲ ಇದ್ದೂ ಹೊಲಕ್ಕೆ ಇಳಿಯದ ಮಕ್ಕಳಿಗೆ ಒಂದು ವಾರ ಅಜ್ಜನ ಹಿಂದೆ ಅಡ್ಡಾಡಲು ಹೇಳಿ.

## ಕೇಂದ್ರದ ಸೀಟು, ಕಾನೂನು, ಜಗಳಗಳು

ರಾಜ್ಯದಾಗ 3ಬಿ, ಐಐಟಿ ಧಾರವಾಡಕ್ಕ ಜನರಲ್ ಅಂತ ತೋರಸ್ತದ. ಯಾಕ?

ಕೇಂದ್ರದ ಒಬಿಸಿ ಪಟ್ಟಿ ಬೇರೆ. ಐಐಟಿ, ಎನ್‌ಐಟಿ, ಟ್ರಿಪಲ್ ಐಟಿಗಳಲ್ಲಿ ಎಸ್‌ಸಿ 15, ಎಸ್‌ಟಿ 7.5, ಒಬಿಸಿ (ಇತರ ಹಿಂದುಳಿದ ವರ್ಗ) 27, ಇಡಬ್ಲ್ಯುಎಸ್ (ಮೀಸಲಾತಿ ಇಲ್ಲದ ಜಾತಿಯ ಬಡವರು) 10 ಪರ್ಸೆಂಟ್. ಕುರುಬರು, ಗಾಣಿಗರಂಥವರು ಎರಡೂ ಪಟ್ಟಿಯಲ್ಲಿದ್ದಾರೆ. ವೀರಶೈವ ಲಿಂಗಾಯತ ಎಂಬ ಒಟ್ಟು ಹೆಸರು ಕೇಂದ್ರದ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಅವರಿಗೆ ಅಲ್ಲಿ ಇಡಬ್ಲ್ಯುಎಸ್ ದಾರಿ. ಉಲ್ಟಾ, ನಮ್ಮ ಸಿಇಟಿಯ ಎಂಜಿನಿಯರಿಂಗ್ ಸೀಟ್ ಮ್ಯಾಟ್ರಿಕ್ಸಿನಲ್ಲಿ ಇಡಬ್ಲ್ಯುಎಸ್ ಕಾಲಂ ಇಲ್ಲ.

ಇಡಬ್ಲ್ಯುಎಸ್‌ಗೆ ಆದಾಯ 8 ಲಕ್ಷದೊಳಗಿದ್ದರೆ ಸಾಲದು. ಕುಟುಂಬದ ಕೃಷಿ ಭೂಮಿ 5 ಎಕರೆ ಮುಟ್ಟಿರಬಾರದು, 1000 ಚದರ ಅಡಿ ಅಥವಾ ಹೆಚ್ಚಿನ ಫ್ಲ್ಯಾಟ್ ಇರಬಾರದು, ಪುರಸಭೆ ವ್ಯಾಪ್ತಿಯಲ್ಲಿ 100 ಚದರ ಗಜದ ನಿವೇಶನ ಇರಬಾರದು. ಕಬ್ಬು ಬೆಳೆಯುವ ಘಟಪ್ರಭೆಯ ದಂಡೆಯ 5 ಎಕರೆಗೂ ಇಂಡಿಯ ಒಣಬೇಸಾಯದ 5 ಎಕರೆಗೂ ಈ ನಿಯಮದಲ್ಲಿ ಫರಕು ಇಲ್ಲ. ಮಳೆ ಕೈಕೊಟ್ಟರೆ ಬೀಜದ ದುಡ್ಡೂ ಹುಟ್ಟದ ಆರೆಕರೆ ಹೊಲದವನ ಮಗ ಇಲ್ಲಿ "ಬಡವ" ಅಲ್ಲ. ಉತಾರದಲ್ಲಿ ಹಿಸ್ಸೆ ಆಗದೆ ಅಜ್ಜನ ಹೆಸರಿನಲ್ಲೇ ಉಳಿದ ಹೊಲ ಇನ್ನೊಂದು ತಕರಾರು, ವಾಟ್ನಿ ಮಾಡಿಸುವುದಿದ್ದರೆ ಮೊದಲೇ ಮಾಡಿಸಿ.

ಕೇಂದ್ರದ ಒಬಿಸಿ, ಇಡಬ್ಲ್ಯುಎಸ್ ಪತ್ರ ಆ ವರ್ಷದ ಏಪ್ರಿಲ್ 1ರ ನಂತರದ ತಾರೀಖಿನದೇ ಬೇಕು. ರಾಜ್ಯದ ಫಾರ್ಮ್ ಎಫ್ ಅಲ್ಲಿ ನಡೆಯುವುದಿಲ್ಲ.

ಅಪ್ಪ ಹೈಸ್ಕೂಲ್ ಮಾಸ್ತರ, ಪಗಾರ 9 ಲಕ್ಷ. ಕುರುಬರ ಹುಡುಗಗ ಏನೂ ಇಲ್ಲೇನು?

ರಾಜ್ಯದ 2ಎ ಸೀಟಿಗೆ ಕುಟುಂಬದ ಆದಾಯ 8 ಲಕ್ಷ ದಾಟಿದರೆ ಫಾರ್ಮ್ ಎಫ್ ಸಿಗದು. ಕೇಂದ್ರದ ಒಬಿಸಿ ಲೆಕ್ಕದಲ್ಲಿ ಪಗಾರ, ಕೃಷಿ ಆದಾಯ ಎರಡನ್ನೂ ಆದಾಯ ಪರೀಕ್ಷೆಗೆ ಕೂಡಿಸುವುದಿಲ್ಲ, ನೌಕರಿಯ ದರ್ಜೆಯನ್ನು ನೋಡುತ್ತಾರೆ. ಆದ್ದರಿಂದ ಇಲ್ಲಿ ಸಿಗದವನಿಗೆ ಅಲ್ಲಿ ಸಿಗುವ ಸಾಧ್ಯತೆ ಇದೆ, ಕೇಳಿ ನೋಡಿ. ಎಸ್‌ಸಿ, ಎಸ್‌ಟಿ, ಪ್ರವರ್ಗ 1ರವರಿಗೆ ಸೀಟಿಗೆ ಆದಾಯದ ಮಿತಿ ಇಲ್ಲ, ಶುಲ್ಕ ವಿನಾಯಿತಿಗೆ ಮಾತ್ರ ಇದೆ.

ಎಸ್‌ಸಿ ಒಳಮೀಸಲಾತಿ ಬಂತಲ್ಲ. ನಾವು ತಾಂಡಾದವರು, ಏನು ಬದಲಾತು?

ಒಳವಿಂಗಡಣೆ ಮಾಡಲು ರಾಜ್ಯಗಳಿಗೆ ಅಧಿಕಾರ ಇದೆ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್ 1ರಂದು ಹೇಳಿತು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ವರದಿಯ ಮೇಲೆ ಕರ್ನಾಟಕ ಸರಕಾರ 2025ರ ಆಗಸ್ಟ್‌ನಲ್ಲಿ 17ನ್ನು 6, 6, 5 ಎಂದು ಹಂಚಿತು. ಎಡಗೈ ಸಮುದಾಯಗಳಿಗೆ 6, ಬಲಗೈ ಸಮುದಾಯಗಳಿಗೆ 6, ಲಂಬಾಣಿ, ಭೋವಿ, ಕೊರಮ, ಕೊರಚ ಹಾಗೂ 59 ಅಲೆಮಾರಿ ಸಣ್ಣ ಸಮುದಾಯಗಳಿಗೆ ಕೂಡಿ 5. ಅಲೆಮಾರಿಗಳನ್ನು ದೊಡ್ಡವರ ಜತೆ ಕೂಡಿಸಿದ್ದಕ್ಕೆ ಅವರ ತಕರಾರು ಇದೆ, ಅದು ತಳ್ಳಿಹಾಕುವ ಮಾತಲ್ಲ. ಇನ್ನು ಮುಂದೆ ಪತ್ರದಲ್ಲಿ ಬರೀ "ಪರಿಶಿಷ್ಟ ಜಾತಿ" ಸಾಲದು, ಸ್ವಂತ ಜಾತಿಯ ಹೆಸರು ಸ್ಪಷ್ಟ ಇರಲಿ.

ಅಡ್ಡಹೆಸರು ತಳವಾರ. ಎಸ್‌ಟಿ ಸಿಗತದೋ ಇಲ್ಲೋ?

ಅಡ್ಡಹೆಸರಿನಿಂದ ಸಿಗುವುದಿಲ್ಲ. 2020ರ ಕಾನೂನು ಪರಿವಾರ, ತಳವಾರ ಎಂಬ ಹೆಸರುಗಳನ್ನು ನಾಯಕ ಸಮುದಾಯದ ಜತೆ ಪಟ್ಟಿಗೆ ಸೇರಿಸಿತು. ಆದರೆ ತಳವಾರಿಕೆ ಎಂಬುದು ಊರ ಕಾವಲಿನ ಕೆಲಸವೂ ಹೌದು, ಬೇರೆ ಬೇರೆ ಜಾತಿಯವರು ಅದನ್ನು ಮಾಡಿ ಅದೇ ಹೆಸರು ಉಳಿಸಿಕೊಂಡಿದ್ದಾರೆ. ವಿಜಯಪುರದ ಕಡೆ ಜಗಳ ಇರುವುದೇ ಅಲ್ಲಿ. ಅಪ್ಪ, ಅಜ್ಜನ ಹಳೆಯ ಶಾಲಾ ದಾಖಲೆಯಲ್ಲಿ ಜಾತಿಯ ಕಾಲಂನಲ್ಲಿ ಏನಿದೆ ಎಂಬುದೇ ವಿಚಾರಣೆಯ ಬೆನ್ನೆಲುಬು. ಅದೇ ಕಾನೂನಿನಿಂದ ಬೆಳಗಾವಿ, ಧಾರವಾಡ ಜಿಲ್ಲೆಯ ಸಿದ್ದಿಗಳಿಗೂ ಎಸ್‌ಟಿ ಸ್ಥಾನ ಬಂದಿದೆ. ಖಾನಾಪುರದ ಕಾಡಂಚಿನ ಮಕ್ಕಳಿಗೆ ಇದನ್ನು ಹೇಳುವವರೇ ಕಡಿಮೆ.

ಅವ್ವ ಎಸ್‌ಸಿ, ಅಪ್ಪ ಮ್ಯಾಲಿನ ಜಾತಿ. ಮಗಳಿಗೆ ಯಾವುದು?

ರೂಢಿಯಲ್ಲಿ ಅಪ್ಪನ ಜಾತಿ. ಆದರೆ ಮಗು ತಾಯಿಯ ಕೇರಿಯಲ್ಲೇ ಬೆಳೆದು, ಆ ಜನರ ಕಷ್ಟ ಅವಮಾನವನ್ನೇ ಉಂಡಿದ್ದರೆ ತಾಯಿಯ ಜಾತಿ ಕೇಳಬಹುದು ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಾಬೀತು ಮಾಡುವ ಭಾರ ಕೇಳಿದವರ ಮೇಲೆ.

56 ಪರ್ಸೆಂಟ್ ಅಂದ್ರ 50 ದಾಟಿತಲ್ಲ, ಕೋರ್ಟ್ ಬಿಡತೈತೇನು?

ಈ 50ರ ಗೆರೆಯ ಮೊದಲ ಮಾತು ಹುಟ್ಟಿದ್ದೇ ನಮ್ಮ ರಾಜ್ಯದ ಮೊಕದ್ದಮೆಯಲ್ಲಿ. ಮೈಸೂರು ಸರಕಾರ ಎಂಜಿನಿಯರಿಂಗ್, ವೈದ್ಯಕೀಯ ಸೀಟಿನ 68 ಪರ್ಸೆಂಟ್ ಮೀಸಲಿಟ್ಟ ಆದೇಶವನ್ನು 1962ರಲ್ಲಿ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿ, ಸ್ಥೂಲವಾಗಿ ಅರ್ಧದೊಳಗೆ ಇರಲಿ ಎಂದಿತು. 1992ರ ಇಂದ್ರಾ ಸಾಹ್ನಿ ತೀರ್ಪು ಅದನ್ನು ಗಟ್ಟಿ ಮಾಡಿತು, ಅಸಾಧಾರಣ ಸಂದರ್ಭಕ್ಕೆ ಮಾತ್ರ ಕಿಂಡಿ ಬಿಟ್ಟಿತು. ತಮಿಳುನಾಡಿನ 69 ಪರ್ಸೆಂಟ್ ಸಂವಿಧಾನದ ಒಂಬತ್ತನೇ ಅನುಸೂಚಿಯ ನೆರಳಿನಲ್ಲಿದೆ, ನಮ್ಮ 56ಕ್ಕೆ ಆ ನೆರಳು ಇಲ್ಲ. 2022ರಲ್ಲಿ ಇಡಬ್ಲ್ಯುಎಸ್ ಎತ್ತಿಹಿಡಿದಾಗ ಬಹುಮತದ ನ್ಯಾಯಮೂರ್ತಿಗಳು 50 ಎಂಬುದು ಅಲ್ಲಾಡದ ಗೆರೆಯೇನಲ್ಲ ಎಂದರು. ಅದನ್ನು ಹಿಂದುಳಿದವರ ಪಾಲಿಗೂ ಒಪ್ಪಬೇಕಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅರ್ಜಿ ಹಾಕುವ ಮಗು ಮಾತ್ರ ಆ ವರ್ಷದ ಕೈಪಿಡಿಯಲ್ಲಿ ಅಚ್ಚಾದ ಅಂಕಿಯನ್ನೇ ನಂಬಬೇಕು.

ಅಮೆರಿಕಾದಾಗ ಕೋರ್ಟ್ ಬಂದ್ ಮಾಡಿತಂತ. ಇಲ್ಲೂ ಹಂಗ ಆಗಬಹುದೇನು?

ಅಲ್ಲಿಯ ಕಥೆ ಬೇರೆ. ಅಲ್ಲಿ 1978ರಿಂದಲೇ ಇಂತಿಷ್ಟು ಸೀಟು ಎಂದು ಎಣಿಸಿ ಇಡುವುದಕ್ಕೆ ಅವಕಾಶ ಇರಲಿಲ್ಲ, ತರಗತಿಯಲ್ಲಿ ಎಲ್ಲ ಬಗೆಯವರು ಇರಲಿ ಎಂಬ ಕಾರಣಕ್ಕೆ ಜನಾಂಗವನ್ನು ಒಂದು ಅಂಶವಾಗಿ ನೋಡುತ್ತಿದ್ದರು. 2023ರ ಜೂನ್‌ನಲ್ಲಿ ಹಾರ್ವರ್ಡ್ ಪ್ರಕರಣದಲ್ಲಿ ಅದೂ ನಿಂತಿತು. ನಮ್ಮಲ್ಲಿ ಮೀಸಲಾತಿಯ ಮಾತು ಸಂವಿಧಾನದಲ್ಲೇ ಇದೆ. 1951ರಲ್ಲಿ ಮದ್ರಾಸಿನ ಕಾಲೇಜು ಸೀಟಿನ ಆದೇಶವನ್ನು ಕೋರ್ಟ್ ರದ್ದು ಮಾಡಿದ ಕೂಡಲೇ ಸಂಸತ್ತು 15(4) ವಿಧಿಯನ್ನು ಸೇರಿಸಿತು.

ಬಾಜೂ ಮನಿಯವರು ಸುಳ್ಳು ಸರ್ಟಿಫಿಕೇಟ್ ಮ್ಯಾಲ ಸೀಟು ತಗೊಂಡಾರ. ಏನು ಮಾಡಬಹುದು?

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಜಾತಿ ಪರಿಶೀಲನಾ ಸಮಿತಿಗೆ ಲಿಖಿತ ದೂರು ಕೊಡಿ. ಎಸ್‌ಸಿ, ಎಸ್‌ಟಿ ಪತ್ರದ ತನಿಖೆಯನ್ನು ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದ ಪೊಲೀಸರು ನಡೆಸುತ್ತಾರೆ. ವೀರಶೈವ ಜಂಗಮರು "ಬೇಡ ಜಂಗಮ" ಎಂದು ಎಸ್‌ಸಿ ಪತ್ರ ಪಡೆದ ದೂರುಗಳು ನಮ್ಮ ಭಾಗದಲ್ಲಿ ಹಳೆಯವು. ಸುಳ್ಳೆಂದು ಸಾಬೀತಾದರೆ ಸೀಟು ಹೋಗುತ್ತದೆ, ಕ್ರಿಮಿನಲ್ ಮೊಕದ್ದಮೆಯೂ ಬೀಳುತ್ತದೆ. ಬಾಯಿಮಾತಿನ ಸಂಶಯ ಬೇಡ. ಆ ಕುಟುಂಬದ ಹಳೆಯ ಶಾಲಾ ದಾಖಲೆ ಎಲ್ಲಿ, ಯಾವ ವರ್ಷದ್ದು ಎಂದು ಬರೆದರೆ ಮಾತ್ರ ತನಿಖೆ ಮುಂದೆ ಸಾಗುತ್ತದೆ.

ಸೀಟು ಸಿಕ್ತು. ಫೀ ಮಾಫಿ ತಾನಾಗೇ ಆಗತೈತೇನು?

ಆಗುವುದಿಲ್ಲ. ಎಸ್‌ಎಸ್‌ಪಿ (ರಾಜ್ಯದ ವಿದ್ಯಾರ್ಥಿವೇತನ) ತಾಣದಲ್ಲಿ ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು. ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಆದಾಯ ಮಿತಿ 2.5 ಲಕ್ಷ. ಹಣ ಬರುವುದು ಆಧಾರ್ ಜೋಡಿಸಿದ ಖಾತೆಗೆ, ಆ ಖಾತೆ ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ಬ್ಯಾಂಕಿನಲ್ಲಿ ಆಧಾರ್ ಜೋಡಿಸಿದ್ದೇವೆ ಎಂದರೆ ಸಾಲದು, ಎನ್‌ಪಿಸಿಐ (ಆಧಾರ್ ಮೂಲಕ ಹಣ ಖಾತೆಗೆ ತಲುಪಿಸುವ ವ್ಯವಸ್ಥೆ) ಜೋಡಣೆ ಆಗಿದೆಯೇ ಎಂದು ಅದೇ ಕೌಂಟರಿನಲ್ಲಿ ನಿಂತು ಕೇಳಿ. ಎರಡನೇ ವರ್ಷ ಅರ್ಜಿ ಹಾಕಲು ಮರೆತವರಿಗೆ ಆ ವರ್ಷದ ದುಡ್ಡು ಬರುವುದಿಲ್ಲ.